ಹಿಂದಿನಿಂದ ಕಿತ್ತ ಸ್ಪೀಕರ್ ತಂತಿ

ಬೇಸ್ ಗಿಟಾರಿಗೆ ಯಾವ ಟ್ಯೂಬ್ ಆಂಪ್ಲಿಫೈಯರ್ ಒಳ್ಳೆಯದು ಎಂದು ಕೇಳಿಕೊಂಡು ಈಗಲೂ ಹುಡುಗರು ಮನೆಗೆ ಬರುತ್ತಾರೆ. ಅಂಗಡಿ ಮುಚ್ಚಿ ಕುಳಿತವನನ್ನು ಹುಡುಕಿಕೊಂಡು ಬಂದಿದ್ದಾರಲ್ಲ ಎಂದು ನನ್ನ ಹೆಂಡತಿ ಚಹಾ ಕೊಡುತ್ತಾಳೆ. ನಾನು ಬೈಯುತ್ತೇನೆ. ಯಾಕೆಂದರೆ ಬಂದವರು ಮೊದಲು ಫೋನು ತೆಗೆದು ಚಿತ್ರ ತೋರಿಸುತ್ತಾರೆ, ಆಮೇಲೆ ವ್ಯಾಟ್ ಹೇಳುತ್ತಾರೆ, ಆಮೇಲೆ ‘ಮಸ್ತ್ ಐತೇನ್ರೀ’ ಎಂದು ನನ್ನ ಮುಖ ನೋಡುತ್ತಾರೆ. ಎಲ್ಲಿ ಬಾರಿಸುತ್ತೀಯಪ್ಪ, ಯಾರ ಜೊತೆ ಬಾರಿಸುತ್ತೀ, ಇದನ್ನು ಹೊರುವವರು ಯಾರು, ಅಲ್ಲಿನ ಕರೆಂಟು ಹೇಗಿರುತ್ತದೆ ಎಂದು ಕೇಳಿದರೆ ಮತ್ತೆ ಫೋನಿನ ಚಿತ್ರವನ್ನೇ ತೋರಿಸುತ್ತಾರೆ. ಒಬ್ಬೊಬ್ಬರಿಗೂ ಇದನ್ನೇ ಹೇಳಿ ನನಗೆ ಸಾಕಾಗಿದೆ. ಅದಕ್ಕೇ ಒಂದು ಸಲ ಬರೆದು ಇಡುತ್ತಿದ್ದೇನೆ. ಓದಿಕೊಂಡು ಬನ್ನಿ, ಆಮೇಲೆ ಮಾತಾಡೋಣ.

ನನ್ನ ಹೆಸರು ಈರಣ್ಣ. ಹೊಸಪೇಟೆಯಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡಿ ಬಾಳಿದವನು. ಟ್ಯೂಬ್ ಎಂದರೆ ಗೋಡೆಯ ಮೇಲಿನ ಟ್ಯೂಬ್‌ಲೈಟಲ್ಲ. ಹಳೆಯ ರೇಡಿಯೋಗಳಲ್ಲಿ ಕೆಂಪಗೆ ಉರಿಯುತ್ತಿದ್ದ ಗಾಜಿನ ವಾಲ್ವು. ಅದರ ಕಾಲ ಹೋಗಿ ಟ್ರಾನ್ಸಿಸ್ಟರ್ ಬಂತು, ಆಮೇಲೆ ಉಗುರಿನಷ್ಟು ಎಲೆಕ್ಟ್ರಾನಿಕ್ ಚಿಪ್ಪು ಬಂತು. ಈಗ ಮತ್ತೆ ಅದೇ ವಾಲ್ವಿಗೆ ಎಲ್ಲಿಲ್ಲದ ಬೆಲೆ. ನಾವು ಗುಜರಿಗೆ ಹಾಕಿದ್ದನ್ನು ಈಗಿನವರು ದೇವರ ಗೂಡಿನಲ್ಲಿ ಇಡುತ್ತಾರೆ. ಇಡಲಿ, ಬೇಡ ಎನ್ನುವುದಿಲ್ಲ. ಆದರೆ ಅದನ್ನು ಆಳುವ ರೀತಿ ಕಲಿತುಕೊಳ್ಳಬೇಕಲ್ಲ.

ನನಗೆ ಕೆಲಸ ಕಲಿಸಿದವರು ಗಫೂರ್ ಸಾಬ್. ಟೂರಿಂಗ್ ಟಾಕೀಸ್‌ಗಳ ಸೌಂಡಿಗೆ ಈ ಕಡೆ ಅವರೊಬ್ಬರೇ. ಟೆಂಟು ಮರಿಯಮ್ಮನಹಳ್ಳಿಯಲ್ಲಿ ಹಾಕಿದರೂ ಅವರನ್ನೇ ಕರೆಯಬೇಕು, ಕಂಪ್ಲಿಯಲ್ಲಿ ಹಾಕಿದರೂ ಅವರನ್ನೇ ಕರೆಯಬೇಕು. ಬೆಸುಗೆ ಸರಿಯಿಲ್ಲದಿದ್ದರೆ ಸೋಲ್ಡರಿಂಗ್ ಕಡ್ಡಿಯಿಂದಲೇ ಮೊಣಕೈಗೆ ಹೊಡೆಯುತ್ತಿದ್ದರು. ಕಡ್ಡಿ ಬಿಸಿಯಿದೆಯೋ ತಣ್ಣಗಿದೆಯೋ ನೋಡುತ್ತಿರಲಿಲ್ಲ. ಅಂಥ ಗುರುಗಳನ್ನು ಹೊಗಳಿ ಬರೆಯುವುದು ಈಗೊಂದು ರೂಢಿಯಾಗಿದೆ. ನಾನು ಹೊಗಳುವುದಿಲ್ಲ. ಹೊಡೆದದ್ದು ತಪ್ಪು, ಆ ಸಿಟ್ಟು ನನಗೆ ಇನ್ನೂ ಇದೆ. ಆದರೆ ಅವರು ಹೇಳಿದ ಎರಡು ಮಾತು ಒಂದು ದಿನವೂ ಸುಳ್ಳಾಗಲಿಲ್ಲ.

ಮೊದಲನೆಯದು, ಎರಡು ಆಂಪ್ಲಿಫೈಯರ್ ಸೆಟ್ಟುಗಳನ್ನು ಹೋಲಿಸಬೇಕೆಂದರೆ ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತರಬೇಕು, ಆಮೇಲೆ ಕಣ್ಣು ಮುಚ್ಚಿ ಕೇಳಬೇಕು. ಯಾವುದು ಸ್ವಲ್ಪ ಜೋರಾಗಿ ಕೇಳುತ್ತದೋ ಅದೇ ಚೆಂದ ಎನ್ನುವುದು ಕಿವಿಯ ಕೆಟ್ಟ ಚಾಳಿ. ಅಂಗಡಿಯವರು ಬದುಕುವುದೇ ಆ ಚಾಳಿಯ ಮೇಲೆ. ಮಾರಬೇಕಾದ ಪೆಟ್ಟಿಗೆಯ ವಾಲ್ಯೂಮ್ ಒಂದು ಗೆರೆ ಮೇಲೆ ಇಟ್ಟಿರುತ್ತಾರೆ.

ಎರಡನೆಯದು, ಸ್ಪೀಕರ್ ಇಲ್ಲದೆ ವಾಲ್ವ್ ಸೆಟ್ಟನ್ನು ನಡೆಸಬಾರದು. ‘ಸ್ಪೀಕರ್ ಕಟ್ಟದ ಕರೆಂಟ್ ಕೊಟ್ಟಿ ಅಂದ್ರ ಕೈ ಮುರಿತೀನಿ ಮಗನ’ ಎನ್ನುತ್ತಿದ್ದರು. ಟ್ರಾನ್ಸಿಸ್ಟರ್ ಸೆಟ್ಟಿನ ಕಥೆ ಬೇರೆ. ಅದರಲ್ಲಿ ಸ್ಪೀಕರ್ ತಂತಿಗಳು ಒಂದಕ್ಕೊಂದು ತಗುಲಿದರೆ ಸುಡುತ್ತದೆ. ಕಿತ್ತು ಬಿಟ್ಟರೆ ಏನೂ ಆಗುವುದಿಲ್ಲ. ವಾಲ್ವ್ ಸೆಟ್ಟಿನಲ್ಲಿ ತಿರುಗಾಮುರುಗ. ಜೋರಾಗಿ ನುಡಿಯುತ್ತಿರುವಾಗ ಸ್ಪೀಕರ್ ಕಿತ್ತರೆ ಹೊರಗೆ ಹೋಗಬೇಕಾದ ಶಕ್ತಿ ಹೋಗಲು ದಾರಿಯಿಲ್ಲದೆ ಒಳಗಿನ ಟ್ರಾನ್ಸ್‌ಫಾರ್ಮರಿನಲ್ಲೇ ಕಿಡಿಯಾಗಿ ಹಾರಿ ಅದನ್ನು ಸುಡುತ್ತದೆ. ಅದಕ್ಕೇ ಗಫೂರ್ ಸಾಬ್ ಟೆಂಟಿನಲ್ಲಿ ಪಿನ್ನೇ ಇಡುತ್ತಿರಲಿಲ್ಲ, ಸ್ಪೀಕರ್ ತಂತಿಯನ್ನು ಸೆಟ್ಟಿನ ಒಳಗೇ ಬೆಸೆದುಬಿಡುತ್ತಿದ್ದರು. ‘ಪಿನ್ ಇದ್ರ ಯಾವನರ ಕೀಳ್ತಾನ’ ಎನ್ನುವುದು ಅವರ ವಾದ. ಟೆಂಟು ಎತ್ತುವಾಗೆಲ್ಲ ಬೆಸುಗೆ ಬಿಡಿಸಿ, ಹೊಸ ಊರಿನಲ್ಲಿ ಮತ್ತೆ ಹಾಕುವವನು ನಾನು. ಮನಸ್ಸಿನಲ್ಲೇ ಬೇಕಾದಷ್ಟು ಬೈದುಕೊಂಡಿದ್ದೇನೆ.

ಇನ್ನು ಸುಜಾತಳ ವಿಷಯಕ್ಕೆ ಬರುತ್ತೇನೆ. ನನ್ನ ಕೆಲಸದಲ್ಲಿ ನೆನಪಿಡಬೇಕಾದ ಪ್ರಕರಣ ಎಂದರೆ ಅದೊಂದೇ, ಉಳಿದದ್ದೆಲ್ಲ ಸುಟ್ಟ ತಂತಿ ಮತ್ತು ಕಳ್ಳ ಗಿರಾಕಿ.

ಅಂಗಡಿ ಮುಚ್ಚುವುದಕ್ಕೆ ಸ್ವಲ್ಪ ಮೊದಲು ಒಂದು ಭಾನುವಾರ ಆಕೆ ಬಂದಳು. ಕಂಪ್ಲಿ ತಾಲೂಕಿನ ಮೆಟ್ರಿಯವಳು. ಸಂಡೂರಿನ ಒಂದು ಗಣಿ ಕಂಪನಿಯ ಲ್ಯಾಬಿನಲ್ಲಿ ಅದಿರು ಪರೀಕ್ಷೆ ಮಾಡುವ ಕೆಲಸ. ಅಪ್ಪ ಹಲಗೆ ಬಾರಿಸುವುದರಲ್ಲಿ ಆ ಕಡೆಗೆಲ್ಲ ಹೆಸರುವಾಸಿ. ಈಗ ಬೌದ್ಧರಾಗಿದ್ದಾರೆ, ಏಪ್ರಿಲ್ ಹದಿನಾಲ್ಕರ ಜಯಂತಿಯ ದಿನ ಕೇರಿಯಲ್ಲಿ ಇಡೀ ಮನೆ ಹಾಡುತ್ತದೆ. ಆಕೆ ಬೇಸ್ ಹಿಡಿದದ್ದು ಅಲ್ಲೇ. ನಮ್ಮ ಕಡೆಯ ಒಂದು ರಸಮಂಜರಿ ಆರ್ಕೆಸ್ಟ್ರಾದಲ್ಲಿ ಬೇಸ್ ಬಾರಿಸುವವನು ಬಿಟ್ಟು ಹೋದಾಗ, ರಿದಂ ಪ್ಯಾಡ್ ಬಾರಿಸುವ ಖಾಜಾ ಈಕೆಯನ್ನು ಕರೆದುಕೊಂಡು ಹೋಗಿದ್ದ. ಶನಿವಾರ, ಭಾನುವಾರ ಮದುವೆಗಳಿಗೆ ಹೋಗಿ ಬಾರಿಸಿ ಬರುತ್ತಿದ್ದಳು.

‘ಮಾಮ, ನನ್ನ ತೆಗೀತಾರಂತ’ ಎಂದಳು, ಕುಳಿತುಕೊಳ್ಳುವ ಮೊದಲೇ.

ತೆಗೆಯುತ್ತೇನೆ ಎಂದವನು ಆರ್ಕೆಸ್ಟ್ರಾದ ಯಜಮಾನ, ಕೀಬೋರ್ಡ್ ಬಾರಿಸುವ ಪ್ರಭಾಕರ ಮಾಸ್ಟರ್. ‘ನಿನ್ನ ಬೇಸ್ ಯಾರಿಗೂ ಕೇಳ್ಸಂಗಿಲ್ಲವ. ಟ್ಯೂಬ್ ಆಂಪ್ ಇಲ್ದ ಬೇಸು ಬೇಸಾ ಅಲ್ಲ. ಕಂಪ್ಲಿ ಮದ್ವಿಯೊಳಗ ಕೇಳಿಸಿದ್ರ ಇರು, ಇಲ್ಲಂದ್ರ ಕೀಬೋರ್ಡಿನಾಗ ಎಡಗೈಲೆ ಬೇಸ್ ನಾನಾ ಬಾರಿಸ್ಕೊಂತೀನಿ’ ಎಂದಿದ್ದನಂತೆ.

‘ಬಿಟ್ರ ಬಿಡ್ಲಿ ತಗೊ, ನಿನಗ ನೌಕರಿ ಐತಲ್ಲ’ ಎಂದೆ.

ಆಕೆ ನನ್ನನ್ನು ನೋಡಿದ ನೋಟ ಈಗಲೂ ಮರೆತಿಲ್ಲ. ‘ದಿನಾ ಅದಿರಿನ ಪುಡಿ ಮಶಿನ್ನಿಗಿ ಹಾಕಿ, ರೀಡಿಂಗ್ ನೋಡಿ ಮನಿಗಿ ಬರ್ತೀನ್ರಿ. ವಾರದಾಗ ಆ ಎರಡು ದಿನಕ್ಕ ಉಳಿದ ದಿನ ತಳ್ಳತೀನಿ. ಅದು ಹೋತಂದ್ರ ನನಗ ಏನೈತಿ ಹೇಳ್ರಿ?’ ಎಂದಳು. ನೌಕರಿಯ ಮಾತು ಎತ್ತಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಟ್ಯೂಬೇ ಬೇಕು ಎಂದು ನಾನು ಯಾರಿಗೂ ಹೇಳಿದವನಲ್ಲ. ಒಳ್ಳೆಯ ಟ್ರಾನ್ಸಿಸ್ಟರ್ ಪೆಟ್ಟಿಗೆ, ಕೆಟ್ಟ ವಾಲ್ವ್ ಪೆಟ್ಟಿಗೆಗಿಂತ ಯಾವಾಗಲೂ ಮೇಲು. ಆದರೆ ಮಾಸ್ಟರ್ ಹಾಕಿದ ಶರತ್ತು ಅದು. ಇವಳಿಗೆಲ್ಲಿ ಸಿಗುತ್ತದೆ ಎಂದುಕೊಂಡು ಹಾಕಿದ್ದ ಎನ್ನುವುದು ಆಮೇಲೆ ತಿಳಿಯಿತು. ಅಂದು ನಾನು ಅವನ ಮಾತನ್ನು ನಂಬಿ, ಇದು ಬರೀ ಸದ್ದಿನ ಸಮಸ್ಯೆ ಎಂದುಕೊಂಡು ಹೊರಟೆ.

ಮೊದಲು ಹೊಸಪೇಟೆಯಲ್ಲೇ ಒಂದು ದೊಡ್ಡ ಮ್ಯೂಸಿಕ್ ಅಂಗಡಿಗೆ ಹೋದೆವು. ಒಳಗೆ ಏಸಿ, ಗೋಡೆ ತುಂಬ ಗಿಟಾರು. ಅಂಗಡಿಯವನು ಒಂದು ಕರಿ ಪೆಟ್ಟಿಗೆಯ ಮುಂದೆ ನಿಲ್ಲಿಸಿದ. ಮುಂಭಾಗದಲ್ಲಿ ಗಾಜಿನ ಕಿಟಕಿ, ಅದರೊಳಗೆ ಒಂದು ಪುಟ್ಟ ವಾಲ್ವು ಕಿತ್ತಳೆ ಬಣ್ಣದಲ್ಲಿ ಉರಿಯುತ್ತಿತ್ತು.

‘ಪ್ಯೂರ್ ಟ್ಯೂಬ್ ರೀ ಇದು. ಸಾವಿರ ವ್ಯಾಟ್’ ಎಂದ.

ಇಬ್ಬರು ಹೊರಬೇಕಾದ ಸಾವಿರ ವ್ಯಾಟಿನ ವಾಲ್ವ್ ಸೆಟ್ಟನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸುತ್ತಿದ್ದಾನೆ. ನನ್ನ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ‘ಹಿಂದಿನ ಮುಚ್ಚಳ ತಗಿಯಪ್ಪ’ ಎಂದೆ. ವಾರಂಟಿ ಹೋಗುತ್ತದೆ ಎಂದ. ಹೋಗಲಿ ಬಿಡು, ನಾನೇ ಕೊಳ್ಳುವವನು ಎಂದು ಸುಳ್ಳು ಹೇಳಿ ತೆಗೆಸಿದೆ. ಸ್ವಿಚ್ ಆರಿಸಿ, ವಾಲ್ವನ್ನು ಕಿತ್ತು ಸುಜಾತಳ ಕೈಗೆ ಕೊಟ್ಟು, ಮತ್ತೆ ಸ್ವಿಚ್ ಹಾಕಿದೆ. ಕಿಟಕಿ ಹಾಗೇ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತಿತ್ತು. ವಾಲ್ವಿನ ಕೆಳಗೆ ಒಂದು ಚಿಕ್ಕ ಎಲ್‌ಇಡಿ ದೀಪ ಕೂರಿಸಿದ್ದರು.

‘ಇದೇನಿದು?’ ಎಂದೆ.

‘ಲುಕ್ ಸಲುವಾಗಿ ರೀ. ಈಗಿನವರಿಗಿ ಲುಕ್ ಬೇಕಲ್ಲ’ ಎಂದ ಆತ, ಸ್ವಲ್ಪವೂ ನಾಚಿಕೆಯಿಲ್ಲದೆ.

ವಾಲ್ವು ಇರುವ ಸೆಟ್ಟು ಬೇರೆ, ವಾಲ್ವೇ ಸ್ಪೀಕರನ್ನು ನಡೆಸುವ ಸೆಟ್ಟು ಬೇರೆ. ಇದರಲ್ಲಿ ಕೆಲಸ ಮಾಡುವುದು ಚಿಪ್ಪು. ವಾಲ್ವು ಮೂಗಿಗೆ ನತ್ತು ಇಟ್ಟ ಹಾಗೆ. ನತ್ತು ಇಡಲಿ, ತಪ್ಪಿಲ್ಲ, ಆದರೆ ನತ್ತೇ ಮೂಗು ಎಂದು ಮಾರುವುದು ಮೋಸ. ಅಂಗಡಿಯಲ್ಲೇ ನಿಂತು ಜೋರಾಗಿ ಬೈದೆ. ಗಿಟಾರು ನೋಡಲು ಬಂದಿದ್ದ ಇಬ್ಬರು ಫೋನಿನಲ್ಲಿ ವಿಡಿಯೋ ತೆಗೆದರು. ಸುಜಾತ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದಳು.

ಎರಡನೆಯದು ಹಂಪಿಯಲ್ಲಿ. ಅಲ್ಲೊಂದು ಗೆಸ್ಟ್‌ಹೌಸಿನಲ್ಲಿ, ಬಹಳ ದಿನ ಉಳಿದಿದ್ದ ವಿದೇಶಿಯೊಬ್ಬ ಬಿಟ್ಟು ಹೋದ ಅಸಲಿ ವಾಲ್ವ್ ಆಂಪ್ಲಿಫೈಯರ್ ಇದೆ ಎಂದು ಖಾಜಾ ಸುದ್ದಿ ತಂದ. ಮೂವರೂ ಹೋದೆವು. ಗೆಸ್ಟ್‌ಹೌಸಿನವನು ಒಳ್ಳೆಯ ಮನುಷ್ಯ, ಅದನ್ನು ಟೀಪಾಯಿ ಮಾಡಿಕೊಂಡು ಅದರ ಮೇಲೆ ತುಳಸಿ ಕುಂಡ ಇಟ್ಟಿದ್ದ. ದಿನಾ ನೀರು ಹಾಕುತ್ತಿದ್ದನಂತೆ. ಕುಂಡ ಇಳಿಸಿ, ಒಳಗೆಲ್ಲ ಒರೆಸಿ, ಒಣಗಿಸಿ ಹಚ್ಚಿದೆ. ಅದು ಇನ್ನೂ ಬದುಕಿತ್ತು.

ಅಲ್ಲೇ ಇದ್ದ ಖಾಜಾನ ಗೆಳೆಯನೊಬ್ಬ ಸಾದಾ ಗಿಟಾರು ಬಾರಿಸಿದ. ಎಂಥ ನಾದ ಎನ್ನುತ್ತೀರಿ, ಜೇನು. ಅಂಗಳದಲ್ಲಿ ದೋಸೆ ತಿನ್ನುತ್ತಿದ್ದವರು ತಟ್ಟೆ ಹಿಡಿದುಕೊಂಡು ಎದ್ದು ಬಂದರು. ಎಲ್ಲರೂ ‘ಇದಾ ಇರ್ಲಿ, ಇದಾ ಇರ್ಲಿ’ ಎಂದರು. ಸುಜಾತ ಬೇಸ್ ಹಚ್ಚಿ ಮೆಲ್ಲಗೆ ಬಾರಿಸಿದಳು. ಅದೂ ಚೆಂದವೇ. ‘ಈಗ ಮದ್ವಿ ಮನಿ ಅಂತ ತಿಳ್ಕೊ, ಖಾಜಾನ ಪ್ಯಾಡ್ ಮ್ಯಾಲೆ ಬರಬೇಕು, ದಪ್ಪ ತಂತಿ ಹೊಡಿ’ ಎಂದೆ. ವಾಲ್ಯೂಮ್ ಏರಿಸಿ ಹೊಡೆದಳು. ಪೆಟ್ಟಿಗೆ ಪರಪರ ಎಂದು ಹರಿದುಕೊಂಡಿತು. ದೋಸೆ ತಿನ್ನುವವರು ನಕ್ಕರು.

ಇಲ್ಲಿ ಎಲ್ಲರೂ ಎಡವುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಗಿಟಾರಿಗೆ ಮಾಡಿದ ವಾಲ್ವ್ ಸೆಟ್ಟು ಬೇಸಿಗೆ ಬರುವುದಿಲ್ಲ. ಗಿಟಾರಿಗೆ ಸದ್ದು ಸ್ವಲ್ಪ ಒಡೆದರೆ ರುಚಿ. ಬೇಸಿನ ತಳದ ಸ್ವರ ಒಡೆದರೆ ಹಾಡಿನ ನೆಲವೇ ಹೋಯಿತು. ತಳದ ಸ್ವರ ಹೊರಗೆ ಬರಬೇಕಾದರೆ ವಾಲ್ವಿಗೂ ಸ್ಪೀಕರಿಗೂ ನಡುವೆ ಇರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ದೊಡ್ಡದಿರಬೇಕು, ಅದರಲ್ಲಿ ಕಬ್ಬಿಣ ತುಂಬ ಇರಬೇಕು. ಸ್ಪೀಕರ್ ಪೆಟ್ಟಿಗೆಯ ಹಿಂಭಾಗ ಮುಚ್ಚಿರಬೇಕು. ಇದರದ್ದು ಹಿಂದೆ ಪೂರ್ತಿ ತೆರೆದಿತ್ತು, ಟ್ರಾನ್ಸ್‌ಫಾರ್ಮರು ಬೆಲ್ಲದ ಸಣ್ಣ ಅಚ್ಚಿನಷ್ಟೇ ಇತ್ತು. ಭಾರ ಎಂದು ಗೊಣಗುತ್ತೀರಲ್ಲ, ಆ ಭಾರವೇ ಬೇಸು. ಗುಡ್ಡಗುಡ್ಡವನ್ನೇ ಅಗೆದು ಕಬ್ಬಿಣವನ್ನು ಲಾರಿಯಲ್ಲಿ ಕಳಿಸುವ ಊರಿನವರು ನೀವು, ಒಂದು ಪೆಟ್ಟಿಗೆಯ ಕಬ್ಬಿಣ ಹೊರಲು ಅಳುತ್ತೀರಿ.

ಗೆಸ್ಟ್‌ಹೌಸಿನಿಂದ ವಾಪಸು ಬರುವಾಗ, ಕಮಲಾಪುರ ದಾಟಿದ ಮೇಲೆ ಸುಜಾತ ತಾನಾಗಿ ಹೇಳಿದಳು. ‘ಮಾಮ, ನಮ್ಮ ಕಂಪನಿ ಕ್ಲಬ್ಬಿನ ಸ್ಟೋರ್ ರೂಮಿನಾಗ ಒಂದು ಐತ್ರಿ. ದೊಡ್ಡದು. ಅದರ ಮ್ಯಾಲೆ ಕ್ಯಾರಂ ಬೋರ್ಡ್ ಇಟ್ಟಾರ.’

‘ಇದನ್ನ ಮೊದಲ ಹೇಳಾಕ ಏನಾಗಿತ್ತು?’

‘ಅದು ಹಳೇದು, ಕೆಟ್ಟಿರಬೇಕು ಅನ್ಕೊಂಡಿದ್ನಿ.’

ಸಂಡೂರಿಗೆ ಹೋದೆ. ಕ್ಲಬ್ಬಿನ ಕಾರ್ಯದರ್ಶಿ ಬೀಗ ತೆಗೆದು, ಜಾಗ ಖಾಲಿಯಾದರೆ ಸಾಕು, ಒಯ್ಯಿರಿ ಎಂದ. ಒಂದು ಕಾಲದಲ್ಲಿ ಅಧಿಕಾರಿಗಳ ಡ್ಯಾನ್ಸಿಗೆ ತರಿಸಿದ್ದ ಬೇಸ್ ಸೆಟ್ಟು: ಮುಷ್ಟಿಗಾತ್ರದ ನಾಲ್ಕು ವಾಲ್ವು, ಇಟ್ಟಿಗೆಯಷ್ಟು ದೊಡ್ಡ ಟ್ರಾನ್ಸ್‌ಫಾರ್ಮರು, ಹಿಂಭಾಗ ಮುಚ್ಚಿದ ಬೇರೆ ಸ್ಪೀಕರ್ ಪೆಟ್ಟಿಗೆ. ಮೇಲಿಂದ ಕೆಳಗಿನವರೆಗೆ ಕೆಂಪು ಧೂಳು. ಸಂಡೂರಿನಲ್ಲಿ ರಿಪೇರಿ ಮಾಡುವವರಿಗೆ ಆ ಧೂಳು ಗೊತ್ತು. ಅದು ಅದಿರಿನ ಪುಡಿ, ಮಳೆಗಾಲದಲ್ಲಿ ತೇವ ಹಿಡಿದರೆ ವಾಲ್ವಿನ ಕಾಲುಗಳ ನಡುವೆ ಕರೆಂಟಿಗೆ ಕಳ್ಳದಾರಿ ಮಾಡಿಕೊಡುತ್ತದೆ. ಹಾಗೇ ಸ್ವಿಚ್ ಹಾಕಿದ್ದರೆ ಅಲ್ಲೇ ಕಥೆ ಮುಗಿಯುತ್ತಿತ್ತು. ಪುಣ್ಯಕ್ಕೆ ಯಾರೂ ಹಾಕಿರಲಿಲ್ಲ. ಅಂಗಡಿಗೆ ತಂದು ಬಿಚ್ಚಿ, ಬ್ರಷ್ಷಿನಿಂದ ಕೆರೆದು, ಸ್ಪಿರಿಟ್ಟಿನಿಂದ ತೊಳೆದು, ಒಣಗಿದ್ದ ಕಂಡೆನ್ಸರುಗಳನ್ನೆಲ್ಲ ಬದಲಿಸಿದೆ. ಗಫೂರ್ ಸಾಬರ ಹೆದರಿಕೆಯಿಂದ ಮೊದಲು ಸ್ಪೀಕರ್ ಪಿನ್ ಚುಚ್ಚಿ, ಎಳೆದು ನೋಡಿ, ಆಮೇಲೆ ಕರೆಂಟು ಕೊಟ್ಟೆ. ಸುಜಾತ ದಪ್ಪ ತಂತಿಯನ್ನು ಒಂದು ಸಲ ಮುಟ್ಟಿದಳು. ಕಪಾಟಿನಲ್ಲಿದ್ದ ಸ್ಕ್ರೂ ಡಬ್ಬಿ ನಡುಗಿತು. ಆಕೆ ಕಣ್ಣು ಒರೆಸಿಕೊಂಡಳು, ನಾನು ನೋಡದವನಂತೆ ಬೆಸುಗೆ ಕಡ್ಡಿ ಒರೆಸಿದೆ.

ಮದುವೆಗೆ ಮೊದಲು ಕಂಪ್ಲಿಯ ಕಲ್ಯಾಣ ಮಂಟಪದಲ್ಲಿ ಆರ್ಕೆಸ್ಟ್ರಾದ ತಾಲೀಮು ಇತ್ತು. ಎಲ್ಲರೂ ಕೇಳಿ ನಿರ್ಧಾರ ಮಾಡಲಿ ಎಂದು ನಾನೇ ಹೋದೆ. ಟ್ಯೂಬೇ ಬೇಕು ಎಂದಿದ್ದ ಮಾಸ್ಟರ್ ಈಗ ತನ್ನದೊಂದು ಹೊಸ ಟ್ರಾನ್ಸಿಸ್ಟರ್ ಪೆಟ್ಟಿಗೆ ತಂದಿದ್ದ, ಇವಳ ಹಳೇ ಡಬ್ಬಿಗಿಂತ ಇದೇ ವಾಸಿ ಎಂದು ತೋರಿಸಲು. ಸರಿ ಎಂದೆ. ವೇದಿಕೆಗೆ ಅಡ್ಡ ಶಾಮಿಯಾನದ ಬಟ್ಟೆ ಕಟ್ಟಿಸಿ, ಎರಡನ್ನೂ ಅದರ ಹಿಂದೆ ಇಟ್ಟು, ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತಂದೆ. ಸುಜಾತ ಬಟ್ಟೆಯ ಹಿಂದೆ, ಖಾಜಾ ಪ್ಯಾಡಿನೊಂದಿಗೆ ಮುಂದೆ, ಇಬ್ಬರು ಹಾಡುಗಾರರು ಮಂಟಪದ ನಡುವೆ. ಮಾಸ್ಟರ್ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕುಳಿತ. ಯಾವುದು ಮೊದಲು, ಯಾವುದು ಆಮೇಲೆ ಎಂದು ನಾನು ಯಾರಿಗೂ ಹೇಳಲಿಲ್ಲ.

ಒಂದೇ ಹಾಡನ್ನು ಒಂದರಲ್ಲಿ ಬಾರಿಸಿ, ಆಮೇಲೆ ಇನ್ನೊಂದರಲ್ಲಿ ಬಾರಿಸಿದಳು. ಯಾವುದು ಎಂದು ಕೇಳಿದೆ. ‘ಎರಡನೇದು ರೀ’ ಎಂದು ಹಾಡುವವರಿಬ್ಬರೂ ಒಟ್ಟಿಗೇ ಹೇಳಿದರು. ಖಾಜಾ ಕೈ ಎತ್ತಿ, ‘ಎರಡನೇದರಾಗ ನನ್ನ ಕೈ ತಾನಾ ಆಕಿ ಹಿಂದ ಹೋತು ನೋಡ್ರಿ’ ಎಂದ. ಬಾಗಿಲ ಹತ್ತಿರದಿಂದ ಮಾಸ್ಟರ್ ಕೂಡ, ‘ಎರಡನೇದಾ, ಅದರಾಗೇನೈತಿ ಡೌಟು’ ಎಂದ. ತನ್ನ ಪೆಟ್ಟಿಗೆಯೇ ಅದು ಎನ್ನುವ ಧೈರ್ಯ ಅವನಿಗೆ. ನಾನು ಬಟ್ಟೆ ಸರಿಸಿದೆ. ಸುಜಾತ ಕುಳಿತಿದ್ದದ್ದು ಸಂಡೂರಿನ ಸೆಟ್ಟಿನ ಮುಂದೆ.

ಅವನ ಮುಖ ಕಪ್ಪಿಟ್ಟಿತು. ಕುರ್ಚಿಯಿಂದ ಎದ್ದು ಹೇಳಿದ, ‘ಚೊಲೊ ಐತಿ. ಆದ್ರ ಭಾಳ ಕೇಳಸ್ತತಿ ಅನ್ನಸ್ತೈತಿ.’

ಆಗ ನನಗೆ ಅರ್ಥವಾಯಿತು. ಮೊನ್ನೆ ಕೇಳಿಸುವುದಿಲ್ಲ ಎಂದಿದ್ದ. ಇಂದು ಹೆಚ್ಚು ಕೇಳಿಸುತ್ತದೆ ಎನ್ನುತ್ತಾನೆ. ಬೇಸ್ ಚೆನ್ನಾಗಿ ಕೇಳಿದರೆ ಅವನ ಎಡಗೈ ಇಷ್ಟು ವರ್ಷ ತಪ್ಪು ಸ್ವರ ಒತ್ತುತ್ತಿದ್ದದ್ದೂ ಕೇಳುತ್ತದೆ. ಅದು ಒಂದು ಕಾರಣ. ಇನ್ನೊಂದನ್ನು ಅವನೇ ಬಾಯಿಬಿಟ್ಟು ಹೇಳಿದ. ಹೊರಗೆ ಬಚ್ಚಲಲ್ಲಿ ನಾನು ಕೈ ತೊಳೆಯುವಾಗ ಪಕ್ಕಕ್ಕೆ ಬಂದು, ‘ಈರಣ್ಣಾರ, ನಿಮಗ ಗೊತ್ತಿಲ್ಲೇನು, ಜಯಂತಿಗೆ ಬಾರ್ಸೋ ಕೈ ಅದು. ದೊಡ್ಡ ಮದ್ವಿಗೆ ಹೊಂದಂಗಿಲ್ಲ’ ಎಂದ. ನನ್ನನ್ನು ತನ್ನವನು ಎಂದುಕೊಂಡು ಹೇಳಿದ್ದ. ಮೈಯೆಲ್ಲ ಉರಿದು ಹೋಯಿತು. ‘ಆಕಿ ಕೈ ಮಂದಿ ಮುಂದ ಬಾರಸ್ತೈತಿ, ನಿನ್ನಂಗ ಬಚ್ಚಲದಾಗ ನಿಂತು ಮಾತಾಡಂಗಿಲ್ಲ’ ಎಂದು ಹೇಳಿ ಬಂದೆ. ಹಾಡುಗಾರರೂ ಖಾಜಾನೂ ಎದುರಿಗೇ ಒಪ್ಪಿದ್ದರಿಂದ ಅವನು ಬೇಡ ಎನ್ನಲಾಗಲಿಲ್ಲ.

ಮದುವೆಯ ದಿನ ನನಗೆ ಹೋಗಲಾಗಲಿಲ್ಲ, ಕಣ್ಣಿನ ಆಪರೇಷನ್ ಇತ್ತು. ಮರುದಿನ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಕುಳಿತಿದ್ದಾಗ ಸುಜಾತ ಆಟೋದಲ್ಲಿ ಸೆಟ್ಟು ಹೇರಿಕೊಂಡು ಬಂದಳು. ಮೂರನೇ ಹಾಡಿನ ನಡುವೆ ಬೇಸ್ ನಿಂತು, ಒಳಗಿಂದ ಹೊಗೆ ಬಂತಂತೆ. ಮಾಸ್ಟರ್ ಮೈಕಿನಲ್ಲೇ, ‘ಹಳೇ ಡಬ್ಬಿ ಕೈ ಕೊಡ್ತು, ಕ್ಷಮಿಸ್ಬೇಕು’ ಎಂದು ಹೇಳಿ, ಉಳಿದ ಕಾರ್ಯಕ್ರಮವನ್ನು ಎಡಗೈಯಲ್ಲಿ ಮುಗಿಸಿದನಂತೆ. ಆಕೆ ಬೇಸ್ ಹಿಡಿದುಕೊಂಡು ವೇದಿಕೆಯ ಮೇಲೆ ಕೊನೆಯವರೆಗೂ ಸುಮ್ಮನೆ ನಿಂತಿದ್ದಳು. ‘ಇಳದು ಹೋಗಾಕೂ ಬರಂಗಿರ್ಲಿಲ್ಲ ಮಾಮ, ಎಲ್ಲಾರೂ ನೋಡಾಕತ್ತಿದ್ರು’ ಎಂದಳು.

ಒಂದೇ ಕಣ್ಣಿನಲ್ಲಿ ಬಿಚ್ಚಿ ನೋಡಿದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು, ವಾಲ್ವಿನ ಸಾಕೆಟ್ಟಿನಲ್ಲಿ ಕಿಡಿ ಹಾರಿದ ಕರಿ ಗೆರೆ. ಸ್ಪೀಕರ್ ಇದ್ದ ಸೆಟ್ಟು ಹೀಗೆ ಸಾಯುವುದಿಲ್ಲ. ಆರ್ಕೆಸ್ಟ್ರಾದ ಮೈಕು, ಬಾಕ್ಸುಗಳನ್ನು ನೋಡಿಕೊಳ್ಳುವ ಹೊನ್ನೂರಸ್ವಾಮಿಗೆ ಫೋನ್ ಮಾಡಿ ಕರೆಸಿದೆ. ಅವನು ಸುಳ್ಳು ಹೇಳುವವನಲ್ಲ.

‘ಮಾಸ್ಟರ್ ಹಿಂದ ಕೈ ಮಾಡಿ, ಅದನ್ನ ಸುಮ್ನ ಮಾಡು ಅಂದ್ರು ರೀ. ಸ್ವಿಚ್ ಮುಂದೈತಿ, ಆಕಿ ಕಾಲತ್ರ. ಮಂದಿಗಿ ಕಾಣ್ತತಿ. ಅದಕ್ಕ ಹಿಂದಿನಿಂದ ಸ್ಪೀಕರ್ ಪಿನ್ ಕಿತ್ನಿ. ಸೆಟ್ಟಿಗಿ ಏನೂ ಆಗಬಾರ್ದು ಅಂತನಾ ಹಂಗ ಮಾಡಿದ್ದು ರೀ. ತಂತಿ ಕಿತ್ರ ಸೇಫ್ ಅಲ್ಲೇನ್ರಿ?’

ಜೀವಮಾನವೆಲ್ಲ ಟ್ರಾನ್ಸಿಸ್ಟರಿನಲ್ಲಿ ಕಲಿತ ಒಳ್ಳೆಯ ಅಭ್ಯಾಸ, ಇಲ್ಲಿ ಸೆಟ್ಟನ್ನು ಕೊಂದಿತ್ತು. ನಮ್ಮ ಕಡೆಯ ಸೌಂಡಿನವರು ಯಾರೇ ಇದ್ದರೂ ಇದನ್ನೇ ಮಾಡುತ್ತಿದ್ದರು. ಏನಾಯಿತು ಎಂದು ವಿವರಿಸಿದೆ. ಅವನು ತಲೆ ತಗ್ಗಿಸಿ, ‘ತಂಗೀ, ತಪ್ಪಾತವ’ ಎಂದು ಸುಜಾತಳಿಗೆ ಹೇಳಿದ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಬಂದದ್ದೆಲ್ಲ ಕೈ ಸನ್ನೆ ಮಾಡಿದವನ ಮೇಲೆ.

ಅಂಥ ಟ್ರಾನ್ಸ್‌ಫಾರ್ಮರ್ ಈಗ ಎಲ್ಲೂ ಸಿಗುವುದಿಲ್ಲ. ಸುತ್ತಬೇಕು. ಮೊದಲು ಬಿಚ್ಚಿ, ಎಷ್ಟು ಸುತ್ತು, ಯಾವ ದಪ್ಪದ ತಂತಿ, ಪದರದ ನಡುವೆ ಎಲ್ಲಿ ಕಾಗದ ಎಂದು ನೋಡಿಕೊಂಡು, ಹಾಗೆಯೇ ಮತ್ತೆ ಸುತ್ತಬೇಕು. ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಸುಜಾತ ತಂತಿ ಸುತ್ತುವ ಯಂತ್ರದ ಹಿಡಿಕೆ ತಿರುಗಿಸಿದಳು, ನಾನು ಬೆರಳಿನ ನಡುವೆ ತಂತಿ ಹಿಡಿದು ಸಾಲು ಕೂರಿಸಿದೆ. ಲ್ಯಾಬಿನಲ್ಲಿ ಕೆಲಸ ಮಾಡುವವಳು, ಅವಸರ ಗೊತ್ತಿಲ್ಲ. ತಂತಿ ಸಿಕ್ಕಾದಾಗ ನಾನು ಬೈದರೆ, ‘ಬೈರಿ ಮಾಮ, ಕೈ ಮಾತ್ರ ಬಿಡಬ್ಯಾಡ್ರಿ’ ಎನ್ನುತ್ತಿದ್ದಳು. ಆ ಅಂಗಡಿಯಲ್ಲಿ ನಾನು ಮಾಡಿದ ಕೊನೆಯ ಕೆಲಸ ಅದು. ಮುಗಿದ ಮೇಲೆ ಸ್ಪೀಕರಿನ ಪಿನ್ನನ್ನೂ ಅದರ ಸಾಕೆಟ್ಟನ್ನೂ ಕಿತ್ತು ಕಸದ ಡಬ್ಬಿಗೆ ಹಾಕಿದೆ. ತಂತಿಯನ್ನು ತೂತಿನಲ್ಲಿ ರಬ್ಬರ್ ಬುಷ್ ಹಾಕಿ ಒಳಗೆ ತೂರಿಸಿ, ಒಳಗೊಂದು ಬಿಗಿ ಪಟ್ಟಿ ಹಾಕಿ ಬೆಸೆದುಬಿಟ್ಟೆ. ಆ ಕಡೆ ಸ್ಪೀಕರ್ ಪೆಟ್ಟಿಗೆಯಲ್ಲೂ ಹಾಗೇ ಮಾಡಿದೆ.

ಮುಂದಿನ ಮದುವೆ ಮರಿಯಮ್ಮನಹಳ್ಳಿಯಲ್ಲಿ. ಸುಜಾತಳನ್ನು ಕರೆಯುವುದಿಲ್ಲ ಎಂದು ಮಾಸ್ಟರ್ ಹೇಳಿಯೇ ಬಿಟ್ಟಿದ್ದ. ಖಾಜಾ ಒಪ್ಪಲಿಲ್ಲ. ‘ಆಕಿ ಬಂದ್ರ ನಾನು ಬರ್ತೀನಿ. ಇಲ್ಲಂದ್ರ ನಿಮ್ಮ ಎಡಗೈನಾ ಕರ್ಕೊಂಡು ಹೋಗ್ರಿ ಮಾಸ್ಟರ್, ಪ್ಯಾಡೂ ಅದಾ ಬಾರಿಸ್ಲಿ’ ಎಂದನಂತೆ. ಪ್ಯಾಡ್ ಇಲ್ಲದೆ ಮದುವೆ ನಡೆಯುವುದಿಲ್ಲ. ಮಾಸ್ಟರ್ ಹಲ್ಲು ಕಚ್ಚಿಕೊಂಡು ಒಪ್ಪಿದ.

ಈ ಸಲ ನಾನು ಹೋದೆ. ಮಧ್ಯಾಹ್ನದ ಆರತಕ್ಷತೆ, ಮಂಟಪದ ತುಂಬ ಜನ. ಯಾರೂ ಸ್ವಿಚ್ ಮುಟ್ಟಬಾರದೆಂದು ಕರೆಂಟಿನ ಬೋರ್ಡಿನ ಪಕ್ಕ ಕುರ್ಚಿ ಹಾಕಿಕೊಂಡು ನಾನೇ ಕುಳಿತೆ. ಅಡುಗೆಯವರು ಊಟಕ್ಕೆ ಕರೆದರೂ ಏಳಲಿಲ್ಲ. ಎರಡು ಹಾಡು ಆಗುವಷ್ಟರಲ್ಲಿ ಕೂತವರ ಕಾಲುಗಳು ಅಲುಗಾಡತೊಡಗಿದವು. ಮುಂದಿನ ಸಾಲಿನ ಹೆಂಗಸೊಬ್ಬಳು ಪಕ್ಕದವಳಿಗೆ ಸುಜಾತಳನ್ನು ತೋರಿಸಿ ಏನೋ ಹೇಳಿದಳು. ಮಾಸ್ಟರ್ ಅದನ್ನು ನೋಡಿದ. ಹೊನ್ನೂರಸ್ವಾಮಿಗೆ ಕೈ ಸನ್ನೆ ಮಾಡಿದ. ಹೊನ್ನೂರಸ್ವಾಮಿ ಇಲ್ಲ ಎಂದು ತಲೆ ಅಲ್ಲಾಡಿಸಿ, ಮಿಕ್ಸರ್ ಕಡೆ ತಿರುಗಿ ನಿಂತ.

ಮುಂದಿನ ಹಾಡಿನಲ್ಲಿ ಕೀಬೋರ್ಡಿಗೆ ಬಿಡುವು ಬಂತು, ಪ್ಯಾಡು ಬೇಸು ಎರಡೇ ನುಡಿಯುವ ಜಾಗ. ಮಾಸ್ಟರ್ ತಾನೇ ಎದ್ದು ಸೆಟ್ಟಿನ ಹಿಂದಕ್ಕೆ ಹೋಗಿ ಬಗ್ಗಿದ. ನಾನು ಕುರ್ಚಿಯಲ್ಲೇ ಕುಳಿತು ನೋಡುತ್ತಿದ್ದೆ. ಕೈ ಹಾಕಿ ತಡಕಿದ. ಪಿನ್ ಸಿಗಲಿಲ್ಲ. ತಂತಿ ಹಿಡಿದು ಎಳೆದ. ಬರಲಿಲ್ಲ. ಮೊಣಕಾಲೂರಿ ಎರಡೂ ಕೈ ಹಾಕಿ ಮತ್ತೆ ಎಳೆದ. ಖಾಜಾ ಅವನನ್ನು ನೋಡಿ ನಕ್ಕು, ಇನ್ನೂ ಗಟ್ಟಿಯಾಗಿ ಬಾರಿಸತೊಡಗಿದ. ಹಾಡುಗಾರ ತಿರುಗಿ ನೋಡಿದ, ಅವನ ಹಿಂದೆಯೇ ಇಡೀ ಮಂಟಪವೂ ಅತ್ತ ನೋಡಿತು. ಜರತಾರಿ ಕೋಟು ಹಾಕಿದ ಆರ್ಕೆಸ್ಟ್ರಾದ ಯಜಮಾನ ಪೆಟ್ಟಿಗೆಯ ಹಿಂದೆ ನೆಲದ ಮೇಲೆ ಕುಳಿತಿದ್ದ.

ಸುಜಾತ ಬಾರಿಸುವುದನ್ನು ನಿಲ್ಲಿಸಲಿಲ್ಲ. ತಲೆ ಮಾತ್ರ ಹೊರಳಿಸಿ ಕೇಳಿದಳು. ಹಾಡುಗಾರನ ಕೈಯಲ್ಲಿದ್ದ ಮೈಕು ಹತ್ತಿರವೇ ಇದ್ದುದರಿಂದ ಎಲ್ಲರಿಗೂ ಕೇಳಿತು.

‘ಮಾಸ್ಟರ್, ಈಗ ಕೇಳ್ಸಾಕತ್ತೈತೇನ್ರಿ?’

ಅವನು ಎದ್ದು, ಮೊಣಕಾಲಿನ ಧೂಳು ಕೊಡವಿಕೊಂಡು, ಕೀಬೋರ್ಡಿನ ಮುಂದೆ ಬಂದು ನಿಂತ. ಕಾರ್ಯಕ್ರಮ ಮುಗಿಯುವವರೆಗೆ ಬಲಗೈಯೊಂದರಲ್ಲೇ ಬಾರಿಸಿದ. ಎಡಗೈ ಕೋಟಿನ ಕಿಸೆಯಲ್ಲಿತ್ತು.